ತುರ್ತು ವಿಭಾಗದ ವೈದ್ಯರ ಮೇಲೆ ನಿರ್ಲಕ್ಷ್ಯದ ದಾವೆ: ಗಡಿಯಾರ ಹಿಡಿದು ಶುರುಮಾಡಿ

ಎದೆನೋವು ಎಂದು ರಾತ್ರಿ ಹನ್ನೊಂದಕ್ಕೆ ಎಮರ್ಜೆನ್ಸಿಗೆ ಕರೆದೊಯ್ದಿರಿ. ಗ್ಯಾಸ್ಟ್ರಿಕ್ ಇರಬೇಕು ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆಳಗಿನ ಜಾವಕ್ಕೆ ಮನುಷ್ಯ ಇಲ್ಲ. ಇಂಥ ಮನೆಯಲ್ಲಿ ಮೊದಲು ಏಳುವ ಮಾತು ‘ಆ ಡಾಕ್ಟರನ್ನು ಸುಮ್ಮನೆ ಬಿಡಬಾರದು’ ಎಂಬುದು. ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ತುರ್ತು ವಿಭಾಗದ ಪ್ರಕರಣ ಕೋರ್ಟಿನಲ್ಲಿ ನಿಲ್ಲುವುದೂ ಬೀಳುವುದೂ ನಿಮಿಷಗಳ ಮೇಲೆ. 11.10ಕ್ಕೆ ವೈದ್ಯರ ಕಣ್ಣಮುಂದೆ ಏನಿತ್ತು? 11.40ಕ್ಕೆ ಅವರು ಏನು ಮಾಡಿದರು? ಮಾಡಬೇಕಾದ್ದನ್ನು ಮಾಡಿದ್ದರೆ ಆ ಜೀವ ಉಳಿಯುತ್ತಿತ್ತೇ? ಈ ಮೂರಕ್ಕೂ ಕಾಗದದಲ್ಲಿ ಉತ್ತರ ಸಿಕ್ಕರೆ ದಾವೆ ಇದೆ. ಸಿಗದಿದ್ದರೆ ದುಃಖ ಎಷ್ಟೇ ದೊಡ್ಡದಿದ್ದರೂ ದಾವೆ ಕಷ್ಟ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಎಲ್ಲಿ ಅರ್ಜಿ ಹಾಕಬೇಕು, ಎಷ್ಟು ದಿನದೊಳಗೆ ಹಾಕಬೇಕು ಎಂಬ ಎರಡು ವಿಷಯವನ್ನು ನಿಮ್ಮೂರಿನ ವಕೀಲರಿಂದಲೇ ಕೇಳಿ ತಿಳಿಯಬೇಕು. ಉಳಿದ ಕೆಲಸದ ಸ್ವರೂಪ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅದರಲ್ಲಿ ಮುಕ್ಕಾಲು ಪಾಲು ವಕೀಲರ ಕಚೇರಿ ಮೆಟ್ಟಿಲು ಹತ್ತುವ ಮೊದಲೇ ನೀವು ಮಾಡಬಹುದಾದದ್ದು.

ಮೊದಲು ಒಂದು ಕಹಿ ಮಾತು

ಫಲಿತಾಂಶ ಕೆಟ್ಟದ್ದಾಯಿತು ಎಂದ ಮಾತ್ರಕ್ಕೆ ನಿರ್ಲಕ್ಷ್ಯ ಆಯಿತು ಎಂದಲ್ಲ. ದಾವೆ ಗೆಲ್ಲಲು ನಾಲ್ಕು ಅಂಶ ಸಾಬೀತಾಗಬೇಕು: ವೈದ್ಯರಿಗೆ ರೋಗಿಯ ಬಗ್ಗೆ ಹೊಣೆ ಇತ್ತು, ಆ ಹೊಣೆಯಲ್ಲಿ ಅವರು ಎಡವಿದರು, ಎಡವಿದ್ದರಿಂದಲೇ ಹಾನಿ ಆಯಿತು, ಆ ಹಾನಿ ಇಂತಿಷ್ಟು. ಸಿವಿಲ್ ದಾವೆಯಲ್ಲಿ ಇದನ್ನು ಕ್ರಿಮಿನಲ್ ಕೇಸಿನಂತೆ ಸಂಶಯಕ್ಕೆ ಎಡೆಯಿಲ್ಲದೆ ರುಜುವಾತು ಮಾಡಬೇಕಿಲ್ಲ. ‘ಆಗಿರುವ ಸಂಭವವೇ ಹೆಚ್ಚು’ ಎನ್ನುವಷ್ಟು, ಅಂದರೆ 50%ಕ್ಕಿಂತ ಮೇಲೆ ತಕ್ಕಡಿ ವಾಲಿದರೆ ಸಾಕು.

ತುರ್ತು ವಿಭಾಗದಲ್ಲಿ ಮೊದಲನೆಯದು ಸುಲಭ. ಬಾಗಿಲು ತೆರೆದಿಟ್ಟ ಆಸ್ಪತ್ರೆ ಒಳಗೆ ಬಂದವನ ಹೆಸರು ಬರೆದುಕೊಂಡ ಗಳಿಗೆಯಿಂದಲೇ ಹೊಣೆ ಶುರು. ದಕ್ಷಿಣ ಲಂಡನ್ನಿನ ಆಸ್ಪತ್ರೆಯೊಂದಕ್ಕೆ 2010ರಲ್ಲಿ ತಲೆಗೆ ಪೆಟ್ಟಾದ ಯುವಕನೊಬ್ಬ ಬಂದಿದ್ದ. ನಾಲ್ಕೈದು ಗಂಟೆ ಕಾಯಬೇಕು ಎಂದು ಸ್ವಾಗತ ಕೌಂಟರಿನಲ್ಲಿ ಹೇಳಿದರು. ನಿಜವಾಗಿ ತಲೆಪೆಟ್ಟಿನವರನ್ನು ಅರ್ಧ ಗಂಟೆಯೊಳಗೆ ನರ್ಸ್ ನೋಡುವ ವ್ಯವಸ್ಥೆ ಅಲ್ಲಿತ್ತು. ಆತ 19 ನಿಮಿಷ ಕೂತು ಮನೆಗೆ ಹೋದ, ಅಲ್ಲಿ ಕುಸಿದುಬಿದ್ದ, ಮಿದುಳಿಗೆ ಶಾಶ್ವತ ಹಾನಿಯಾಯಿತು. 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಆಸ್ಪತ್ರೆಯನ್ನೇ ಹೊಣೆ ಮಾಡಿತು. ತಪ್ಪು ಮಾಹಿತಿ ಕೊಟ್ಟವರು ವೈದ್ಯರಲ್ಲ, ಕೌಂಟರಿನ ಸಿಬ್ಬಂದಿ ಎಂಬ ವಾದ ನಿಲ್ಲಲಿಲ್ಲ. ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ಕೌಂಟರಿನಲ್ಲಿ ಯಾರು ಏನು ಹೇಳಿದರು ಎಂಬುದಕ್ಕೂ ಜಾಗ ಇರಲಿ.

ರೋಗಿಯನ್ನು ಒಳಗೇ ಬಿಟ್ಟುಕೊಳ್ಳದಿದ್ದರೆ? ಅದಕ್ಕೂ ಹಲವು ದೇಶಗಳಲ್ಲಿ ಕಾನೂನಿದೆ. ಅಮೆರಿಕದಲ್ಲಿ 1986ರ ಕಾಯಿದೆ ಪ್ರಕಾರ ತುರ್ತು ವಿಭಾಗಕ್ಕೆ ಬಂದವರ ಬಳಿ ಹಣ ಇರಲಿ ಬಿಡಲಿ, ಪರೀಕ್ಷಿಸಬೇಕು, ತುರ್ತು ಸ್ಥಿತಿ ಇದ್ದರೆ ಸ್ಥಿರಗೊಳಿಸಬೇಕು. ಭಾರತದ ಸುಪ್ರೀಂ ಕೋರ್ಟ್ 1989ರಲ್ಲಿ, ಪೊಲೀಸ್ ಕಾಗದಪತ್ರಕ್ಕೆ ಕಾಯದೆ ಗಾಯಾಳುವಿನ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ವೈದ್ಯರ ಕರ್ತವ್ಯ ಎಂದು ಹೇಳಿತು. 1996ರ ಇನ್ನೊಂದು ತೀರ್ಪಿನಲ್ಲಿ, ರೈಲಿನಿಂದ ಬಿದ್ದವನನ್ನು ಹಾಸಿಗೆ ಇಲ್ಲ ಎಂದು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ವಾಪಸು ಕಳಿಸಿದ್ದಕ್ಕೆ ಪರಿಹಾರ ಕೊಡಿಸಿತು.

ಮೊದಲ ಹೆಜ್ಜೆ: ಕಳೆದುಹೋಗುವಂಥದ್ದನ್ನು ಮೊದಲು ಹಿಡಿಯಿರಿ

ರೋಗಿ ಬದುಕಿದ್ದರೆ ದಾವೆಯ ಯೋಚನೆಗೂ ಮುಂಚೆ ಇನ್ನೊಂದು ಕಡೆ ಸರಿಯಾದ ಚಿಕಿತ್ಸೆ ಕೊಡಿಸಿ. ಅದು ಮಾನವೀಯತೆಯ ಮಾತು ಮಾತ್ರ ಅಲ್ಲ. ಹಾನಿ ಹೆಚ್ಚದಂತೆ ನೋಡಿಕೊಳ್ಳುವ ಹೊಣೆ ಕಾನೂನಿನಲ್ಲಿ ರೋಗಿಗೂ ಇದೆ. ಎರಡನೆಯ ಆಸ್ಪತ್ರೆಯವರು ದಾಖಲಾಗುವಾಗ ಬರೆಯುವ ಮೊದಲ ಪುಟ ಮುಂದೆ ಬಲವಾದ ಸಾಕ್ಷ್ಯವಾಗುತ್ತದೆ. ಅಲ್ಲಿ ‘ನಿನ್ನೆ ಬೇರೆ ಆಸ್ಪತ್ರೆಯಲ್ಲಿ ತೋರಿಸಿದ್ದರು, ಇಂಥ ಲಕ್ಷಣ ಇತ್ತು’ ಎಂದು ಸರಿಯಾಗಿ ಬರೆಸಿ.

ಸಾವಾಗಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ. ಇದನ್ನು ಹೇಳುವುದು ಕಷ್ಟ, ಕೇಳುವುದು ಇನ್ನೂ ಕಷ್ಟ. ಆ ಹೊತ್ತಿನಲ್ಲಿ ‘ದೇಹವನ್ನು ಮತ್ತೆ ಕುಯ್ಯಿಸುವುದೇ?’ ಎಂದು ಮನೆಯವರು ಹಿಂದೇಟು ಹಾಕುತ್ತಾರೆ. ಆದರೆ ಸಾವಿಗೆ ಹೃದಯಾಘಾತ ಕಾರಣವೋ, ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಸೀಳಿದ್ದೋ, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋದದ್ದೋ ಗೊತ್ತಿಲ್ಲದಿದ್ದರೆ, ವೈದ್ಯರು ಏನನ್ನು ಕಂಡುಹಿಡಿಯಲಿಲ್ಲ ಎಂದು ನೀವು ಹೇಳುವುದಾದರೂ ಹೇಗೆ? ಎದುರು ಪಕ್ಷದ ವಕೀಲರು ಕೇಳುವ ಮೊದಲ ಪ್ರಶ್ನೆ ಇದೇ. ಅಂತ್ಯಕ್ರಿಯೆ ಮುಗಿದ ಮೇಲೆ ಈ ಬಾಗಿಲು ಮತ್ತೆ ತೆರೆಯುವುದು ಕಷ್ಟ.

ಇನ್ನೊಂದು ಸಿಸಿಟಿವಿ. ಕೆಲವು ದಿನ ಅಥವಾ ಕೆಲವು ವಾರಕ್ಕೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುವುದು ಅದರ ಗುಣ. ರೋಗಿ ಎಷ್ಟು ಹೊತ್ತು ಸ್ಟ್ರೆಚರ್ ಮೇಲೆ ಯಾರೂ ನೋಡದೆ ಮಲಗಿದ್ದ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಸಾಕ್ಷಿ ಇಲ್ಲ. ದಿನಾಂಕ, ಸಮಯ, ಜಾಗ ನಮೂದಿಸಿ ‘ಈ ದೃಶ್ಯಾವಳಿಯನ್ನು ಅಳಿಸದೆ ಉಳಿಸಿಡಿ’ ಎಂದು ಆಸ್ಪತ್ರೆಯ ಆಡಳಿತಕ್ಕೆ ಲಿಖಿತ ಪತ್ರ ಕೊಡಿ, ಸ್ವೀಕೃತಿ ಪಡೆಯಿರಿ. ಅವರು ಕೊಡದಿರಬಹುದು. ಪತ್ರ ಬಂದ ಮೇಲೂ ಅಳಿಸಿದರೆ ಅದಕ್ಕೆ ಅವರೇ ಉತ್ತರ ಹೇಳಬೇಕಾಗುತ್ತದೆ.

ಇದೇ ದಿನಗಳಲ್ಲಿ ಮಾಡಬಾರದ್ದೂ ಇದೆ. ವಾರ್ಡಿನಲ್ಲಿ ಗಲಾಟೆ ಮಾಡಿದರೆ, ಸಿಬ್ಬಂದಿಯ ಮೇಲೆ ಕೈಮಾಡಿದರೆ ನಿಮ್ಮ ದಾವೆಗಿಂತ ಮೊದಲು ಅವರ ದೂರು ದಾಖಲಾಗುತ್ತದೆ. ಸಾಮಾಜಿಕ ಜಾಲತಾಣದಲ್ಲಿ ವೈದ್ಯರ ಫೋಟೊ ಹಾಕಿ ‘ಕೊಲೆಗಾರ’ ಎಂದು ಬರೆದರೆ ಮಾನಹಾನಿಯ ನೋಟಿಸ್ ಬರುತ್ತದೆ. ಆ ಬರಹದಲ್ಲಿ ಒಂದು ಸಮಯ ತಪ್ಪಾಗಿದ್ದರೂ ಪಾಟೀಸವಾಲಿನಲ್ಲಿ ಅದನ್ನೇ ನಿಮ್ಮ ಮುಖಕ್ಕೆ ಹಿಡಿಯುತ್ತಾರೆ.

ಎರಡನೆಯ ಹೆಜ್ಜೆ: ದಾಖಲೆ, ಪೂರ್ತಿ ದಾಖಲೆ

ಬಹಳ ಮಂದಿ ಡಿಸ್ಚಾರ್ಜ್ ಸಮ್ಮರಿ ಹಿಡಿದು ವಕೀಲರ ಬಳಿ ಹೋಗುತ್ತಾರೆ. ಅದು ಎಲ್ಲ ಮುಗಿದ ಮೇಲೆ ಬರೆದ ಸಾರಾಂಶ, ಯಾರಿಗೂ ಮುಜುಗರ ಆಗದಂತೆ ನುಣ್ಣಗೆ ಮಾಡಿದ್ದು. ನಿಮಗೆ ಬೇಕಿರುವುದು ಅದರ ಹಿಂದಿನ ಒರಟು ಕಾಗದಗಳು. ಲಿಖಿತ ಅರ್ಜಿಯಲ್ಲಿ ಒಂದೊಂದನ್ನೂ ಹೆಸರಿಸಿ ಕೇಳಿ: ನೋಂದಣಿ ಚೀಟಿ, ಟ್ರಯಾಜ್ ಹಾಳೆ (ಯಾರನ್ನು ಎಷ್ಟು ಬೇಗ ನೋಡಬೇಕು ಎಂದು ಬಂದ ಕೂಡಲೇ ವಿಂಗಡಿಸಿ ಬರೆದದ್ದು), ವೈದ್ಯರ ಟಿಪ್ಪಣಿ, ನರ್ಸಿಂಗ್ ಚಾರ್ಟ್, ಬಿಪಿ-ನಾಡಿ-ಉಸಿರಾಟದ ಪಟ್ಟಿ, ಔಷಧಿ ಕೊಟ್ಟ ಹಾಳೆ, ಲ್ಯಾಬ್ ವರದಿ, ಇಸಿಜಿ ಪಟ್ಟಿಯ ಮೂಲಪ್ರತಿಯ ನಕಲು, ಎಕ್ಸ್‌ರೇ ಮತ್ತು ಸ್ಕ್ಯಾನಿನ ಚಿತ್ರಗಳು (ವರದಿ ಸಾಲದು, ಚಿತ್ರವೇ ಬೇಕು), ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರಗಳು, ಬೇರೆ ವಿಭಾಗದ ವೈದ್ಯರನ್ನು ಕರೆದಿದ್ದರೆ ಕರೆದ ಸಮಯ ಮತ್ತು ಅವರು ಬಂದ ಸಮಯ. ಆಂಬುಲೆನ್ಸಿನಲ್ಲಿ ಬಂದಿದ್ದರೆ ಅವರ ದಾಖಲೆ ಪ್ರತ್ಯೇಕ. ಅದನ್ನು ಬೇರೆಯಾಗಿ ಕೇಳಬೇಕು.

ಕೇಳುವ ಹಕ್ಕು ನಿಮಗಿದೆ. ಭಾರತದಲ್ಲಿ ವೈದ್ಯಕೀಯ ವೃತ್ತಿನೀತಿಯ 2002ರ ನಿಯಮದಂತೆ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅಮೆರಿಕದಲ್ಲಿ ಸಾಮಾನ್ಯವಾಗಿ 30 ದಿನ, ಬ್ರಿಟನ್ನಿನಲ್ಲಿ ಒಂದು ತಿಂಗಳು. ರೋಗಿ ತೀರಿಕೊಂಡಿದ್ದರೆ ವಾರಸುದಾರರು ಎಂಬ ದಾಖಲೆ ಜೊತೆಗಿರಲಿ.

ಈ ಕಂತೆ ಕೈಗೆ ಬಂದಾಗ ಯಾವುದನ್ನು ಮೊದಲು ಓದಬೇಕು ಎಂದು ಕೇಳಿದರೆ ನಾನು ನರ್ಸಿಂಗ್ ಚಾರ್ಟ್ ಎನ್ನುತ್ತೇನೆ. ವೈದ್ಯರ ಟಿಪ್ಪಣಿ ಎಷ್ಟೋ ಸಲ ಪಾಳಿ ಮುಗಿಯುವಾಗ ನೆನಪಿನಿಂದ ಬರೆದದ್ದು. ನರ್ಸ್ ಬರೆಯುವುದು ಆಗಿಂದಾಗಲೇ. ‘1.20: ರೋಗಿ ಬೆವರುತ್ತಿದ್ದಾರೆ, ನೋವು ಹೆಚ್ಚಿದೆ ಎನ್ನುತ್ತಾರೆ, ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ.’ ಇಂಥ ಒಂದು ಸಾಲು, ಅದರ ಮುಂದೆ 2.45ರವರೆಗೆ ವೈದ್ಯರ ಒಂದು ಅಕ್ಷರವೂ ಇಲ್ಲದ ಖಾಲಿ ಜಾಗ, ಇವೆರಡು ಸೇರಿದರೆ ಪ್ರಕರಣದ ಬೆನ್ನೆಲುಬು ಸಿಕ್ಕಂತೆ.

ಬಿಲ್ಲನ್ನೂ ಎಸೆಯಬೇಡಿ. ಫಾರ್ಮಸಿಯಿಂದ ಇಂಜೆಕ್ಷನ್ ಹೊರಟ ಸಮಯ ಬಿಲ್ಲಿನಲ್ಲಿ ಅಚ್ಚಾಗಿರುತ್ತದೆ. ಕೇಸ್ ಶೀಟಿನಲ್ಲಿ ‘12.05ಕ್ಕೆ ಕೊಡಲಾಯಿತು’ ಎಂದಿದ್ದು, ಬಿಲ್ಲು 12.50ಕ್ಕೆ ಆಗಿದ್ದರೆ ಆ ವ್ಯತ್ಯಾಸಕ್ಕೆ ಅವರು ವಿವರಣೆ ಕೊಡಬೇಕು. ಹಾಗೆಂದು ಕಂಡ ಕೂಡಲೇ ಸುಳ್ಳು ಎಂದು ಕೂಗಬೇಡಿ. ಎಮರ್ಜೆನ್ಸಿಯ ಕಪಾಟಿನಲ್ಲಿದ್ದ ಔಷಧಿ ಮೊದಲು ಕೊಟ್ಟು ಆಮೇಲೆ ಬಿಲ್ಲು ಹಾಕುವ ರೂಢಿಯೂ ಇದೆ. ದಾಖಲೆ ಕಂಪ್ಯೂಟರಿನಲ್ಲಿದ್ದರೆ ಯಾರು, ಯಾವಾಗ ತೆರೆದರು, ಯಾವಾಗ ತಿದ್ದಿದರು ಎಂಬ ಲಾಗ್ ಇರುತ್ತದೆ. ಅದನ್ನು ವಕೀಲರ ಮೂಲಕ ಕೇಳಿಸಿ. ಮೂರು ದಿನದ ಬಳಿಕ ಸೇರಿಸಿದ ಸಾಲು ಅಲ್ಲಿ ಬಚ್ಚಿಟ್ಟುಕೊಳ್ಳಲಾರದು.

ಮೂರನೆಯ ಹೆಜ್ಜೆ: ನಿಮಿಷದ ಪಟ್ಟಿ

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ. ಸಮಯ, ಏನಾಯಿತು, ಯಾವ ದಾಖಲೆಯಲ್ಲಿದೆ, ನಮಗೆ ನೆನಪಿರುವುದು ಏನು. ದಾಖಲೆ ಬರುವ ಮೊದಲೇ ನಾಲ್ಕನೆಯ ಅಂಕಣ ತುಂಬಿಸಿ. ಜೊತೆಗಿದ್ದ ಒಬ್ಬೊಬ್ಬರೂ ಬೇರೆ ಬೇರೆ ಕೂತು ಬರೆಯಲಿ. ಒಟ್ಟಿಗೆ ಕೂತರೆ ಎಲ್ಲರ ನೆನಪೂ ಗಟ್ಟಿ ದನಿಯವರ ನೆನಪಿನ ಹಾಗೇ ಆಗಿಬಿಡುತ್ತದೆ. ಫೋನಿನ ಕರೆ ಪಟ್ಟಿ, ವಾಟ್ಸಾಪ್ ಸಂದೇಶ, ಆನ್‌ಲೈನ್ ಪಾವತಿಯ ಸಮಯ ಎಲ್ಲವೂ ಇಲ್ಲಿ ಕೆಲಸಕ್ಕೆ ಬರುತ್ತವೆ. ‘ಅಕ್ಕನಿಗೆ ಫೋನ್ ಮಾಡಿದಾಗ ಇನ್ನೂ ಡಾಕ್ಟರ್ ಬಂದಿರಲಿಲ್ಲ’ ಎಂಬ ನೆನಪಿಗೆ ಫೋನು 12.17 ಎಂದು ಮೊಳೆ ಹೊಡೆಯುತ್ತದೆ.

ಈ ಪಟ್ಟಿಯನ್ನು ಯಾವುದಕ್ಕೆ ಹೋಲಿಸಬೇಕು? ತುರ್ತು ಚಿಕಿತ್ಸೆಯಲ್ಲಿ ಎಲ್ಲರೂ ಒಪ್ಪುವ ಕೆಲವು ಗಡುವುಗಳಿವೆ. ಎದೆನೋವಿನವರಿಗೆ ಬಂದ 10 ನಿಮಿಷದೊಳಗೆ ಇಸಿಜಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಿಗೆ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆ. ಹುಡುಗರಲ್ಲಿ ವೃಷಣ ತಿರುಚಿಕೊಂಡರೆ ಸುಮಾರು 6 ಗಂಟೆಯೊಳಗೆ ಬಿಡಿಸಿದರೆ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಸೋಂಕು ರಕ್ತಕ್ಕೇರಿ ಬಿಪಿ ಕುಸಿದವರಿಗೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್. ಟ್ರಯಾಜಿಗೂ ಲೆಕ್ಕವಿದೆ. ತೀವ್ರತೆಗೆ ತಕ್ಕಂತೆ ರೋಗಿಗೆ ಬಣ್ಣ ಕೊಡುವ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ವೈದ್ಯರು ನೋಡುವ ಗಡುವು ಕೆಂಪಿಗೆ ತಕ್ಷಣ, ಕಿತ್ತಳೆಗೆ 10 ನಿಮಿಷ, ಹಳದಿಗೆ 60, ಹಸಿರಿಗೆ 120, ನೀಲಿಗೆ 240. ಗಡುವು ಮೀರಿದ್ದೇ ನಿರ್ಲಕ್ಷ್ಯ ಅಲ್ಲ. ಅದೇ ಹೊತ್ತಿಗೆ ಬಸ್ ಅಪಘಾತದ ಇಪ್ಪತ್ತು ಮಂದಿ ಬಂದಿದ್ದರೆ ಕೋರ್ಟು ಅದನ್ನೂ ನೋಡುತ್ತದೆ. ಆದರೆ ಏಕೆ ಮೀರಿತು ಎಂಬುದನ್ನು ಅವರಿಂದ ಹೇಳಿಸಲು ಈ ಅಂಕಿಗಳು ಬೇಕು.

ನಾಲ್ಕನೆಯ ಹೆಜ್ಜೆ: ತಪ್ಪು ಎಲ್ಲಿದೆ ಎಂದು ಗುರುತಿಸುವುದು

ಅಳತೆಗೋಲು ಒಂದೇ: ಅದೇ ಸ್ಥಾನದಲ್ಲಿ, ಅದೇ ಮಾಹಿತಿ ಇಟ್ಟುಕೊಂಡು, ಅದೇ ಗಡಿಬಿಡಿಯಲ್ಲಿ ಸಾಧಾರಣ ಕುಶಲತೆಯ ವೈದ್ಯ ಏನು ಮಾಡುತ್ತಿದ್ದ? ಇಂಗ್ಲೆಂಡಿನ 1957ರ ಬೋಲಮ್ ತೀರ್ಪಿನಿಂದ ಬಂದ ಈ ಮಾಪನವನ್ನು ಭಾರತದ ಸುಪ್ರೀಂ ಕೋರ್ಟೂ 2005ರಲ್ಲಿ ಎತ್ತಿಹಿಡಿಯಿತು. ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಹಾಗೇ ಮಾಡುತ್ತಿತ್ತು ಎಂದಾದರೆ ನಿರ್ಲಕ್ಷ್ಯ ಇಲ್ಲ, ಇನ್ನೊಂದು ಗುಂಪು ಒಪ್ಪದಿದ್ದರೂ. ಇದು ವೈದ್ಯರಿಗೆ ದೊಡ್ಡ ಕೋಟೆ. ಆದರೆ ಆ ಗುಂಪಿನ ಅಭಿಪ್ರಾಯಕ್ಕೆ ತರ್ಕದ ಬುಡ ಇರಬೇಕು ಎಂದು 1997ರ ಬೋಲಿತೊ ತೀರ್ಪು ಅದರಲ್ಲಿ ಒಂದು ಕಿಂಡಿ ತೆರೆಯಿತು. ‘ನಾವೆಲ್ಲ ಹೀಗೇ ಮಾಡುವುದು’ ಎಂದರೆ ಸಾಲದು. ಕೆಲವೆಡೆ ತುರ್ತು ವೈದ್ಯರಿಗೆ ಇನ್ನೂ ಎತ್ತರದ ಗೋಡೆ ಕಟ್ಟಿದ್ದಾರೆ. ಅಮೆರಿಕದ ಟೆಕ್ಸಸ್ 2003ರಲ್ಲಿ, ಜಾರ್ಜಿಯಾ 2005ರಲ್ಲಿ ಮಾಡಿದ ಕಾನೂನಿನಂತೆ ಅಲ್ಲಿ ತುರ್ತು ಚಿಕಿತ್ಸೆಯ ದಾವೆಗೆ ಮಾಮೂಲಿ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯವನ್ನೇ ತೋರಿಸಬೇಕು.

ತುರ್ತು ವಿಭಾಗದಲ್ಲಿ ರೋಗದ ಹೆಸರು ತಪ್ಪಾಗಿ ಹೇಳಿದ್ದು ತಾನಾಗಿ ತಪ್ಪಲ್ಲ. ಆರಂಭದ ಅಪೆಂಡಿಸೈಟಿಸ್ ಅಜೀರ್ಣದ ಹಾಗೇ ಕಾಣುತ್ತದೆ. ನೋಡಬೇಕಾದ್ದು ಬೇರೆ: ಅಪಾಯದ ಕಾಯಿಲೆಯನ್ನು ತಳ್ಳಿಹಾಕುವ ಮೊದಲು ಮಾಡಬೇಕಾದ ಪರೀಕ್ಷೆ ಮಾಡಿದರೇ? ಎದೆನೋವು ಶುರುವಾಗಿ ಒಂದು ಗಂಟೆಯಾಗಿದ್ದಾಗ ತೆಗೆದ ಒಂದೇ ಟ್ರೋಪೋನಿನ್ (ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ) ನಾರ್ಮಲ್ ಬಂತು ಎಂದು, ಎರಡನೆಯ ಸಲ ನೋಡದೆ ಮನೆಗೆ ಕಳಿಸಿದರೇ? ಹೆರಿಗೆ ವಯಸ್ಸಿನ ಹೆಣ್ಣುಮಗಳು ಹೊಟ್ಟೆನೋವು, ತಲೆಸುತ್ತು ಎಂದು ಬಂದಾಗ ಗರ್ಭ ಪರೀಕ್ಷೆ ಮಾಡಿದರೇ? ಮಾಡದಿದ್ದರೆ ನಾಳದಲ್ಲಿ ನಿಂತ ಗರ್ಭ ಒಡೆಯುವವರೆಗೆ ಗೊತ್ತೇ ಆಗದು. ಬೆನ್ನುನೋವಿನವರಿಗೆ ಮೂತ್ರ ಕಟ್ಟಿದೆಯೇ, ತೊಡೆಯ ಸಂದಿ ಮರಗಟ್ಟಿದೆಯೇ ಎಂದು ಕೇಳಿದರೇ? ತಲೆಸುತ್ತು ಎಂದು ಬಂದವರನ್ನು ನಡೆಸಿ ನೋಡಿದರೇ? ಪಾರ್ಶ್ವವಾಯು, ಹೃದಯಾಘಾತ, ಮಹಾಪಧಮನಿಯ ಸೀಳು, ಬೆನ್ನುಹುರಿಯ ಒತ್ತಡ, ರಕ್ತದ ಹೆಪ್ಪು, ಮಿದುಳುಪೊರೆಯ ಸೋಂಕು. ತುರ್ತು ವಿಭಾಗದ ಕಣ್ಣು ತಪ್ಪಿಸಿ ದೊಡ್ಡ ಹಾನಿ ಮಾಡುವುದು ಹೆಚ್ಚಾಗಿ ಇವೇ.

ಎರಡು ಜಾಗವನ್ನು ವಿಶೇಷವಾಗಿ ಕೆದಕಿ. ಒಂದು, ಪಾಳಿ ಬದಲಾವಣೆ. ಬೆಳಗ್ಗೆ ಎಂಟಕ್ಕೆ ಹೋಗುವ ವೈದ್ಯರು ‘ಬೆಡ್ ನಾಲ್ಕು, ಹೊಟ್ಟೆನೋವು, ರಿಪೋರ್ಟ್ ಬಂದ ಮೇಲೆ ಕಳಿಸಿ’ ಎಂದು ಬರುವವರಿಗೆ ಹೇಳಿ ಹೊರಡುತ್ತಾರೆ. ಹೊಸಬರು ರೋಗಿಯನ್ನು ಮುಟ್ಟಿ ನೋಡದೆ ರಿಪೋರ್ಟ್ ಮಾತ್ರ ನೋಡಿ ಕಳಿಸುತ್ತಾರೆ. ಇನ್ನೊಂದು, ರೋಗಿ ಹೋದ ಮೇಲೆ ಬರುವ ವರದಿ. ರಾತ್ರಿ ಎಕ್ಸ್‌ರೇಯನ್ನು ಡ್ಯೂಟಿ ಡಾಕ್ಟರ್ ನೋಡಿ ಮೂಳೆ ಮುರಿದಿಲ್ಲ ಎಂದಿರುತ್ತಾರೆ. ಮರುದಿನ ರೇಡಿಯಾಲಜಿ ವೈದ್ಯರು ಬಿರುಕು ಇದೆ ಎಂದು ಬರೆದಿರುತ್ತಾರೆ. ಆ ವರದಿ ಕಡತದಲ್ಲಿ ಮಲಗಿರುತ್ತದೆ, ರೋಗಿಗೆ ಯಾರೂ ಫೋನ್ ಮಾಡಿರುವುದಿಲ್ಲ. ಮೊದಲ ವೈದ್ಯರ ಕಣ್ತಪ್ಪನ್ನು ಕೋರ್ಟು ಕ್ಷಮಿಸಬಹುದು. ಗೊತ್ತಾದ ಮೇಲೂ ತಿಳಿಸದ್ದನ್ನು ಸಮರ್ಥಿಸುವುದು ಬಹಳ ಕಷ್ಟ.

‘ವೈದ್ಯರ ಸಲಹೆ ಮೀರಿ ಹೋಗುತ್ತಿದ್ದೇನೆ’ ಎಂದು ಸಹಿ ಹಾಕಿಬಿಟ್ಟಿದ್ದೇವೆ, ಮುಗಿಯಿತಲ್ಲ ಎಂದು ಕೈಚೆಲ್ಲಬೇಡಿ. ಹೋದರೆ ಏನಾಗಬಹುದು ಎಂದು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಿದ್ದರೇ, ರೋಗಿಗೆ ನಿರ್ಧರಿಸುವ ಎಚ್ಚರ ಇತ್ತೇ, ಮತ್ತೆ ಯಾವಾಗ ಬರಬೇಕು ಎಂದು ಹೇಳಿದ್ದರೇ ಎಂಬುದರ ಮೇಲೆ ಆ ಕಾಗದದ ಬೆಲೆ ನಿಂತಿದೆ. ಹೇಳಿದ್ದೆಲ್ಲ ಸರಿಯಾಗಿ ಹೇಳಿದ್ದು, ನೀವೇ ಹಟ ಹಿಡಿದು ಹೊರಟಿದ್ದರೆ ಮಾತ್ರ ದಾವೆ ದುರ್ಬಲ. ಅದನ್ನು ವಕೀಲರಿಂದ ಮುಚ್ಚಿಡಬೇಡಿ.

ಐದನೆಯ ಹೆಜ್ಜೆ: ತಪ್ಪಿನಿಂದಲೇ ಹಾನಿ ಆಯಿತೇ?

ತುರ್ತು ವಿಭಾಗದ ದಾವೆಗಳಿಗೆ ಅತಿ ಕಠಿಣ ತಡೆ ಇದೇ. ಮೂಲಪಾಠ 1966ರ ಹೊಸ ವರ್ಷದ ಬೆಳಗ್ಗೆ ಲಂಡನ್ನಿನಲ್ಲಿ ನಡೆದದ್ದು. ಮೂವರು ರಾತ್ರಿ ಕಾವಲುಗಾರರು ಚಹಾ ಕುಡಿದ ಮೇಲೆ ವಾಂತಿ ತಡೆಯಲಾಗದೆ ಕ್ಯಾಷುವಲ್ಟಿಗೆ ಬಂದರು. ನರ್ಸ್ ವೈದ್ಯರಿಗೆ ಫೋನ್ ಮಾಡಿದರು. ತಾನೂ ಅಸ್ವಸ್ಥನಾಗಿದ್ದ ವೈದ್ಯ ಬಂದು ನೋಡಲೇ ಇಲ್ಲ, ಮನೆಗೆ ಹೋಗಿ ತಮ್ಮ ವೈದ್ಯರನ್ನು ಕರೆಸಿಕೊಳ್ಳಲಿ ಎಂದ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಸತ್ತ. ಚಹಾದಲ್ಲಿ ಆರ್ಸೆನಿಕ್ ಇತ್ತು. ನೋಡದೆ ಕಳಿಸಿದ್ದು ನಿರ್ಲಕ್ಷ್ಯವೇ ಎಂದು ಕೋರ್ಟು ಹೇಳಿತು. ಆದರೂ ವಿಧವೆ ಸೋತಳು. ವೈದ್ಯ ನೋಡಿ ದಾಖಲು ಮಾಡಿಕೊಂಡಿದ್ದರೂ ವಿಷ ಗುರುತಿಸಿ ಪ್ರತ್ಯೌಷಧ ಕೊಡುವಷ್ಟರಲ್ಲಿ ಆತ ಸಾಯುತ್ತಿದ್ದ ಎಂಬುದು ಕಾರಣ.

ಇನ್ನೊಂದು ಹದಿಮೂರರ ಹುಡುಗನದು. 1977ರಲ್ಲಿ ಇಂಗ್ಲೆಂಡಿನಲ್ಲಿ ಮರಕ್ಕೆ ಕಟ್ಟಿದ್ದ ಹಗ್ಗದಿಂದ ಬಿದ್ದ. ಸೊಂಟದ ಕೀಲಿನ ಏಟನ್ನು ಗುರುತಿಸದೆ ಮನೆಗೆ ಕಳಿಸಿದರು. ಐದು ದಿನದ ಮೇಲೆ ಗೊತ್ತಾಯಿತು. ಬೇಗ ಗೊತ್ತಾಗಿದ್ದರೂ ಕೀಲು ಉಳಿಯುವ ಸಾಧ್ಯತೆ 25% ಮಾತ್ರ ಇತ್ತು. ಕೆಳ ಕೋರ್ಟು ಪೂರ್ಣ ಪರಿಹಾರದ ಕಾಲು ಭಾಗ ಕೊಟ್ಟಿತು. 1987ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯ) ಅದನ್ನೂ ಕಿತ್ತುಕೊಂಡಿತು. ಅರ್ಧಕ್ಕಿಂತ ಕೆಳಗಿದ್ದರೆ ಸೊನ್ನೆಯೇ. ಅಮೆರಿಕದ ಕೆಲವು ರಾಜ್ಯಗಳು ಇಷ್ಟು ಕಟುವಾಗಿಲ್ಲ. ಬದುಕುವ ಅವಕಾಶ 39%ನಿಂದ 25%ಕ್ಕೆ ಇಳಿದಿದ್ದನ್ನೂ ಹಾನಿ ಎಂದು ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ 1983ರಲ್ಲಿ ಒಪ್ಪಿತು. ನಿಮ್ಮ ಕಡೆ ಯಾವ ದಾರಿ ಎಂದು ವಕೀಲರಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು.

ಹಾಗಾಗಿ ನಿಮಿಷದ ಪಟ್ಟಿಯ ಪಕ್ಕದಲ್ಲಿ ಎರಡನೆಯ ಪಟ್ಟಿ ಮಾಡಿ: ‘ಆಗಿರಬೇಕಿದ್ದ ಪಟ್ಟಿ’. 11.10ಕ್ಕೆ ಇಸಿಜಿ ಆಗಿದ್ದರೆ 11.20ಕ್ಕೆ ಗೊತ್ತಾಗುತ್ತಿತ್ತು, 12.30ರೊಳಗೆ ರಕ್ತನಾಳ ತೆರೆಯಬಹುದಿತ್ತು, ಅಷ್ಟರಲ್ಲಿ ಹೃದಯದ ಸ್ಥಿತಿ ಹೇಗಿತ್ತು? ಸರಪಳಿಯ ಒಂದೊಂದು ಕೊಂಡಿಗೂ ಆಧಾರ ಬೇಕು. ಆ ಆಸ್ಪತ್ರೆಯಲ್ಲಿ ಸೌಲಭ್ಯ ಇಲ್ಲದಿದ್ದರೆ ಬೇರೆ ಕಡೆ ಸಾಗಿಸುವ ಸಮಯವನ್ನೂ ಸೇರಿಸಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ದೂರುವುದು ಸುಲಭ. ಮೊದಲೇ ಹಾಕಿದ್ದರೆ ಊರು ಉಳಿಯುತ್ತಿತ್ತು ಎಂದು ಇಲ್ಲಿ ತೋರಿಸಬೇಕು.

ಆರನೆಯ ಹೆಜ್ಜೆ: ಯಾರ ಮೇಲೆ?

ಒಬ್ಬರೇ ವೈದ್ಯರ ಮೇಲೆ ಬೆರಳು ಮಾಡುವ ಮುನ್ನ ಯೋಚಿಸಿ. ರಾತ್ರಿ ಪಾಳಿಯಲ್ಲಿ ನಿಮಗೆ ಸಿಕ್ಕವರು ಬಹುಶಃ ಕಿರಿಯರು. ಕಿರಿಯರು ಎಂಬ ಕಾರಣಕ್ಕೆ ರಿಯಾಯಿತಿ ಇಲ್ಲ. ಕೂತ ಹುದ್ದೆಗೆ ತಕ್ಕ ಗುಣಮಟ್ಟ ಇರಬೇಕು ಎಂದು ಇಂಗ್ಲೆಂಡಿನ ಮೇಲ್ಮನವಿ ಕೋರ್ಟ್ 1986ರಲ್ಲಿ ಹೇಳಿದೆ. ಆದರೆ ಆ ಕಿರಿಯರು ಹಿರಿಯರಿಗೆ ತೋರಿಸಿ ಸಲಹೆ ಕೇಳಿದ್ದರೆ ತಮ್ಮ ಹೊಣೆ ನಿಭಾಯಿಸಿದಂತೆಯೇ. ಆಗ ಪ್ರಶ್ನೆ ಹಿರಿಯರಿಗೆ ತಿರುಗುತ್ತದೆ. ನೌಕರರ ತಪ್ಪಿಗೆ ಆಸ್ಪತ್ರೆ ಹೊಣೆ. ‘ಅವರು ನಮ್ಮ ನೌಕರರಲ್ಲ, ಗುತ್ತಿಗೆ ವೈದ್ಯರು’ ಎಂಬ ಉತ್ತರ ಬಂದರೂ, ಎಮರ್ಜೆನ್ಸಿಯಲ್ಲಿ ರೋಗಿ ವೈದ್ಯರನ್ನು ಆರಿಸಿಕೊಂಡು ಬರುವುದಿಲ್ಲ, ಆಸ್ಪತ್ರೆಯ ಬೋರ್ಡು ನೋಡಿ ಬರುತ್ತಾನೆ ಎಂಬ ವಾದವನ್ನು ಹಲವು ಕೋರ್ಟುಗಳು ಒಪ್ಪಿವೆ. ನಲವತ್ತು ಹಾಸಿಗೆಗೆ ಒಬ್ಬ ವೈದ್ಯ, ರಾತ್ರಿ ಕೆಟ್ಟು ನಿಂತ ಸ್ಕ್ಯಾನ್ ಯಂತ್ರ, ಕರೆದರೂ ಬಾರದ ತಜ್ಞ, ಇವೆಲ್ಲ ಆ ಡ್ಯೂಟಿ ಡಾಕ್ಟರ್ ಮಾಡಿದ ತಪ್ಪಲ್ಲ, ಆಡಳಿತದ್ದು. ದಾವೆಯಲ್ಲಿ ಅದನ್ನು ಬೇರೆಯಾಗಿ ಬರೆಯಬೇಕು.

ಏಳನೆಯ ಹೆಜ್ಜೆ: ತಜ್ಞರು

ಹೃದಯದ ಪ್ರಕರಣವಾದರೆ ಹೃದಯ ತಜ್ಞರ ಅಭಿಪ್ರಾಯ ತರೋಣ ಎಂದು ಎಲ್ಲರಿಗೂ ತೋರುತ್ತದೆ. ಅರ್ಧ ಮಾತ್ರ ಸರಿ. ತುರ್ತು ವೈದ್ಯರು ಎಡವಿದರೇ ಎಂದು ಹೇಳಬೇಕಾದವರು ಇನ್ನೊಬ್ಬ ತುರ್ತು ವೈದ್ಯರು. ಹೃದಯ ತಜ್ಞರು ಸಿದ್ಧವಾದ ರೋಗನಿರ್ಣಯದ ಜೊತೆ ರೋಗಿಯನ್ನು ನೋಡುವವರು, ಅವರ ಕಣ್ಣಿಗೆ ಎಲ್ಲ ಸ್ಪಷ್ಟ. ‘ನೀವು ಕೊನೆಯ ಸಲ ರಾತ್ರಿ ಪಾಳಿಯಲ್ಲಿ ಎಮರ್ಜೆನ್ಸಿ ನೋಡಿದ್ದು ಯಾವಾಗ, ಡಾಕ್ಟರೇ?’ ಎಂಬ ಒಂದೇ ಪಾಟೀಸವಾಲಿಗೆ ಅವರ ಸಾಕ್ಷ್ಯ ತೂತಾಗಬಹುದು. ಹೃದಯ ತಜ್ಞರು ಬೇಕಾಗುವುದು ಐದನೆಯ ಹೆಜ್ಜೆಗೆ: ಬೇಗ ಗೊತ್ತಾಗಿದ್ದರೆ ಉಳಿಯುತ್ತಿದ್ದರೇ ಎಂದು ಹೇಳಲು.

ದಾಖಲೆ ಕೊಡುವ ಕ್ರಮದಲ್ಲೂ ಒಂದು ಉಪಾಯವಿದೆ. ಕೊನೆಗೇನಾಯಿತು ಎಂಬ ಪುಟಗಳನ್ನು ಬೇರೆ ಲಕೋಟೆಯಲ್ಲಿಟ್ಟು, ಮೊದಲ ಭೇಟಿಯ ಕಾಗದ ಮಾತ್ರ ಕೊಟ್ಟು ‘ನೀವಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ. ಫಲಿತಾಂಶ ಗೊತ್ತಿದ್ದವರಿಗೆ ಎಲ್ಲ ಮೊದಲೇ ಕಾಣಬೇಕಿತ್ತು ಎನಿಸುತ್ತದೆ. ಗೊತ್ತಿಲ್ಲದೆಯೂ ಅದೇ ಉತ್ತರ ಬಂದರೆ ಆ ಅಭಿಪ್ರಾಯದ ತೂಕವೇ ಬೇರೆ. ‘ನಾನೂ ಬಹುಶಃ ಮನೆಗೇ ಕಳಿಸುತ್ತಿದ್ದೆ’ ಎಂದರೆ, ವರ್ಷಗಟ್ಟಲೆ ಅಲೆದು ಸೋಲುವುದನ್ನು ಆ ಒಂದು ವಾಕ್ಯ ತಪ್ಪಿಸಿತು ಎಂದುಕೊಳ್ಳಿ. ಅಮೆರಿಕದ ಹಲವು ರಾಜ್ಯಗಳಲ್ಲಿ ತಜ್ಞರ ಪ್ರಮಾಣಪತ್ರ ಇಲ್ಲದೆ ದಾವೆಯನ್ನೇ ಮುಂದುವರಿಸುವಂತಿಲ್ಲ. ಭಾರತದ ಗ್ರಾಹಕ ವೇದಿಕೆಗಳಲ್ಲಿ (ಈಗ ಗ್ರಾಹಕ ಆಯೋಗ) ಪ್ರತಿ ಪ್ರಕರಣಕ್ಕೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಆದರೂ ಇಲ್ಲದೆ ಹೋಗಬೇಡಿ ಎಂಬುದು ನನ್ನ ಸಲಹೆ.

ಎಂಟನೆಯ ಹೆಜ್ಜೆ: ಎಲ್ಲಿಗೆ, ಎಷ್ಟರೊಳಗೆ

ನಿಮಗೆ ಬೇಕಾದ್ದು ಏನು ಎಂದು ಮೊದಲು ನಿರ್ಧರಿಸಿ. ಏನಾಯಿತು ಎಂಬ ಉತ್ತರ ಮತ್ತು ಕ್ಷಮೆ ಸಾಕಾದರೆ ಆಸ್ಪತ್ರೆಗೇ ಲಿಖಿತ ದೂರು. ವೈದ್ಯರ ಪರವಾನಗಿಯ ಮೇಲೆ ಕ್ರಮ ಆಗಬೇಕಾದರೆ ವೈದ್ಯಕೀಯ ಪರಿಷತ್ತು, ಅಲ್ಲಿ ಹಣ ಸಿಗುವುದಿಲ್ಲ. ಪರಿಹಾರ ಬೇಕಾದರೆ ಸಿವಿಲ್ ಕೋರ್ಟು ಅಥವಾ ಗ್ರಾಹಕ ಆಯೋಗ. ಜೈಲು ಶಿಕ್ಷೆಯ ದಾರಿ ಅತ್ಯಂತ ಕಿರಿದು, ಘೋರ ನಿರ್ಲಕ್ಷ್ಯ ಇಲ್ಲದೆ ಅಲ್ಲಿ ನಿಲ್ಲಲಾಗದು. ನ್ಯೂಜಿಲೆಂಡಿನಂಥ ಕಡೆ 1974ರಿಂದ ತಪ್ಪು ಯಾರದು ಎಂದು ಕೇಳದೆಯೇ ಪರಿಹಾರ ಕೊಡುವ ವ್ಯವಸ್ಥೆ ಇದೆ.

ಕಾಲಮಿತಿಯ ವಿಷಯದಲ್ಲಿ ದಯೆ ದಾಕ್ಷಿಣ್ಯ ಇಲ್ಲ. ಇಂಗ್ಲೆಂಡಿನಲ್ಲಿ ಘಟನೆ ಅಥವಾ ಅದು ತಿಳಿದ ದಿನದಿಂದ 3 ವರ್ಷ, ಮಕ್ಕಳಿಗೆ 18 ತುಂಬಿದ ಮೇಲೆ ಲೆಕ್ಕ ಶುರು. ಭಾರತದ ಗ್ರಾಹಕ ಆಯೋಗದಲ್ಲಿ 2 ವರ್ಷ. ಸರ್ಕಾರಿ ಆಸ್ಪತ್ರೆಯಾದರೆ ಹಲವೆಡೆ ದಾವೆಗೆ ಮೊದಲು ನೋಟಿಸ್ ಕೊಡಬೇಕು, ಕೆಲವೆಡೆ ಅದಕ್ಕೇ ಕೆಲವು ತಿಂಗಳ ಗಡುವು. ಆಸ್ಪತ್ರೆಯ ಆಂತರಿಕ ವಿಚಾರಣೆ ಮುಗಿಯಲಿ ಎಂದು ಕಾಯುತ್ತ ಕೂತು ಗಡುವು ಕಳೆದುಕೊಂಡರೆ, ಕಾಯಲು ಹೇಳಿದವರು ಆಮೇಲೆ ಸಹಾಯಕ್ಕೆ ಬರುವುದಿಲ್ಲ.

ಒಂಬತ್ತನೆಯ ಹೆಜ್ಜೆ: ನೋಟಿಸ್, ಲೆಕ್ಕ, ರಾಜಿ

ನೋಟಿಸಿನಲ್ಲಿ ವಿಶೇಷಣ ಕಡಿಮೆ, ಸಮಯ ಹೆಚ್ಚು ಇರಲಿ. ‘ಅಮಾನವೀಯ’ ಎಂಬ ಪದಕ್ಕಿಂತ ‘12.20ರಿಂದ 1.45ರವರೆಗೆ ಬಿಪಿ ನೋಡಿದ ದಾಖಲೆ ಇಲ್ಲ’ ಎಂಬ ಸಾಲಿಗೆ ವಿಮಾ ಕಂಪನಿಯವರು ಹೆಚ್ಚು ಹೆದರುತ್ತಾರೆ. ಯಾಕೆಂದರೆ ಇದನ್ನು ಓದಿ ಹಣದ ತೀರ್ಮಾನ ಮಾಡುವವರು ಬಹುಪಾಲು ಅವರೇ. ಇಂಗ್ಲೆಂಡಿನಲ್ಲಿ ಇಂಥ ಪತ್ರಕ್ಕೆ ಉತ್ತರಿಸಲು ನಾಲ್ಕು ತಿಂಗಳು ಕೊಡುವ ಕ್ರಮವಿದೆ. ಆ ಅವಧಿಯಲ್ಲೇ ಅನೇಕ ಪ್ರಕರಣಗಳ ಹಣೆಬರಹ ನಿರ್ಧಾರವಾಗುತ್ತದೆ.

ಪರಿಹಾರದ ಮೊತ್ತ ಬಾಯಿಗೆ ಬಂದದ್ದಲ್ಲ. ಆದ ಮತ್ತು ಆಗಲಿರುವ ಚಿಕಿತ್ಸೆಯ ಖರ್ಚು, ನಿಂತುಹೋದ ಸಂಪಾದನೆ, ಆರೈಕೆಗೆ ಮನೆಯವರು ಬಿಟ್ಟ ಕೆಲಸ, ನೋವು, ಅವಲಂಬಿತರ ನಷ್ಟ, ಪ್ರತಿಯೊಂದಕ್ಕೂ ಚೀಟಿ ಬೇಕು. ಹಾಸಿಗೆ ಹಿಡಿದವರಿದ್ದರೆ ದಿನಚರಿ ಬರೆದಿಡಿ: ಎಷ್ಟು ಸಲ ಎಬ್ಬಿಸಿದಿರಿ, ಯಾರು ಸ್ನಾನ ಮಾಡಿಸಿದರು. ಮನೆಯ ಹೆಣ್ಣುಮಕ್ಕಳು ಮಾಡುವ ಆರೈಕೆಗೂ ಬೆಲೆ ಇದೆ. ಬರೆದಿಡದಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಕಡೆಯ ತಪ್ಪು ಇದ್ದರೆ, ಉದಾಹರಣೆಗೆ ಬೇರೆ ಔಷಧಿ ತೆಗೆದುಕೊಂಡಿದ್ದನ್ನು ಹೇಳದಿದ್ದರೆ ಅಥವಾ ‘ನೋವು ಹೆಚ್ಚಿದರೆ ವಾಪಸು ಬನ್ನಿ’ ಎಂದರೂ ಹೋಗದಿದ್ದರೆ, ಆ ಪಾಲು ಕಡಿತವಾಗಬಹುದು.

ರಾಜಿಯ ಮಾತು ಬಂದಾಗ ಎರಡು ಸಾಲನ್ನು ಹುಡುಕಿ ಓದಿ. ಒಂದು, ‘ಇದು ಪೂರ್ಣ ಮತ್ತು ಅಂತಿಮ’ ಎಂಬುದು. ಮಗುವಿನ ಮಿದುಳಿಗೆ ಪೆಟ್ಟಾಗಿದ್ದರೆ ಹಾನಿ ಎಷ್ಟೆಂದು ಶಾಲೆಗೆ ಹೋಗುವ ವಯಸ್ಸಿನವರೆಗೂ ಗೊತ್ತಾಗದಿರಬಹುದು. ಎಳವೆಯಲ್ಲೇ ಸಹಿ ಹಾಕಿದರೆ ಮುಂದಿನದೆಲ್ಲ ನಿಮ್ಮ ತಲೆಯ ಮೇಲೆ. ಇನ್ನೊಂದು, ‘ಯಾರಿಗೂ ಹೇಳುವಂತಿಲ್ಲ’ ಎಂಬುದು. ಅದರಲ್ಲಿ ವೈದ್ಯಕೀಯ ಪರಿಷತ್ತಿಗೆ ದೂರು ಕೊಡುವುದನ್ನೂ ಕಟ್ಟಿಹಾಕಿದ್ದಾರೆಯೇ ನೋಡಿ, ಕಟ್ಟಿದ್ದರೆ ಆ ಸಾಲನ್ನು ಹೊಡೆಸಿ. ಬಿಲ್ ಬಾಕಿ ಮನ್ನಾ ಮಾಡುತ್ತೇವೆ, ಇಲ್ಲಿ ಸಹಿ ಹಾಕಿ ಎಂದು ದೇಹ ಕೊಡುವ ಹೊತ್ತಿನಲ್ಲಿ ಮುಂದಿಡುವ ಕಾಗದವೂ ರಾಜಿ ಪತ್ರವೇ ಆಗಿರಬಹುದು. ಅದನ್ನು ಓದಲು ಆ ಗಳಿಗೆಯಲ್ಲಿ ನಿಮ್ಮಿಂದ ಆಗದಿದ್ದರೆ, ಜೊತೆಗಿರುವವರಲ್ಲಿ ಕಣ್ಣೀರು ಸುರಿಸದೆ ನಿಂತಿರುವ ಒಬ್ಬರ ಕೈಗೆ ಕೊಟ್ಟು ಓದಿಸಿ.